ಬ್ಯಾಂಕಾಕ್ ತೋರಿಸಿದ ಅಕ್ಕ

ಬ್ಯಾಂಕಾಕಿಗೆ ಹೋಗಬೇಕಾದರೆ ಮೊದಲು ಕಾರ್ಕಳದ ಗೊಮ್ಮಟಬೆಟ್ಟ ಹತ್ತಬೇಕು ಎಂಬುದು ಅಕ್ಕ ಮಾಡಿದ ಕಾನೂನು. ಪಾಸ್‌ಪೋರ್ಟ್ ಇದೆ, ರಕ್ತದೊತ್ತಡ ಸರಿಯಾಗಿದೆ, ಮಗ ಕತಾರಿನಿಂದ ಟಿಕೆಟ್ಟಿಗೆ ಕಳುಹಿಸಿದ್ದಾನೆ ಎಂದರೆಲ್ಲ ನಡೆಯುತ್ತಿರಲಿಲ್ಲ. ಪ್ರವಾಸಕ್ಕೆ ಹೆಸರು ಕೊಟ್ಟವರೆಲ್ಲ ಒಂದು ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಚಪ್ಪಲಿ ಕಳಚಿ ಸಾಲಾಗಿ ನಿಲ್ಲಬೇಕು. ಬಂಡೆಯ ಮೆಟ್ಟಿಲು ಹತ್ತಿ ಗೊಮ್ಮಟನಿಗೆ ಸುತ್ತು ಬರಬೇಕು. ಮಧ್ಯಾಹ್ನ ಉಡುಪಿಯಲ್ಲಿ ಊಟ. ಸಂಜೆ ಕಾಪುವಿನ ದೀಪಸ್ತಂಭದ ಸುರುಳಿ ಮೆಟ್ಟಿಲು ಹತ್ತಿ ಇಳಿದರೆ ಪರೀಕ್ಷೆ ಮುಗಿಯಿತು.

ಕಾಲಿನ ಶಕ್ತಿ ನೋಡುವುದಕ್ಕೆ ಈ ಏರ್ಪಾಡು ಎಂದು ಎಲ್ಲರೂ ತಿಳಿದಿದ್ದರು. ಅಕ್ಕ ನೋಡುತ್ತಿದ್ದದ್ದೇ ಬೇರೆ. ಊಟ ಅರ್ಧ ಗಂಟೆ ತಡವಾದಾಗ ಯಾರ ಮುಖ ಊದಿಕೊಳ್ಳುತ್ತದೆ, ಎಲ್ಲರೂ ಬಸ್ಸಿನಲ್ಲಿ ಕುಳಿತ ಮೇಲೆ ಯಾರಿಗೆ ಬೊಂಡ ಕೆತ್ತಿಸಿ ಎಳನೀರು ಕುಡಿಯುವ ಆಸೆಯಾಗುತ್ತದೆ, ಫೋಟೋ ತೆಗೆಯುವ ನೆಪದಲ್ಲಿ ಯಾರು ಹೆಂಡತಿಯನ್ನು ಮರೆತು ಮುಂದೆ ಹೋಗುತ್ತಾರೆ, ಇವೆಲ್ಲ ಅವರಿಗೆ ಸಂಜೆಯ ಒಳಗೆ ತಿಳಿದುಬಿಡುತ್ತಿತ್ತು. ಕಾಪುವಿನ ಮರಳಿನಲ್ಲಿ ಕುಳಿತು ನನ್ನ ಕಿವಿಯಲ್ಲಿ ಫಲಿತಾಂಶ ಹೇಳುತ್ತಿದ್ದರು: “ಆ ನೀಲಿ ಅಂಗಿಯವರು ಉಂಟಲ್ಲ, ಅವರು ಮನುಷ್ಯ ಅಲ್ಲ ಮಾರಾಯ್ರೆ, ಗಾಳಿಪಟ. ಅಲ್ಲಿ ನೀವು ಅವರ ಬೆನ್ನಿಗೇ ಇರ್ಬೇಕು.”

ಆ ಅಕ್ಕ ಮೊನ್ನೆ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಸ್ವಲ್ಪ ಮಲಗುತ್ತೇನೆ ಎಂದು ಒಳಗೆ ಹೋದವರು ಏಳಲಿಲ್ಲ. ನನಗೆ ಬಹಳ ಬೇಸರವಾಗಿದೆ. ಆದರೆ ಬೇಸರದ ಮುಖ ಹಾಕಿಕೊಂಡು ಬರೆದರೆ “ಎಂತ, ಹೋಟ್ಲಿನಲ್ಲಿ ಕಾಫಿ ಸರಿ ಇರ್ಲಿಲ್ವಾ?” ಎಂದು ಕೇಳುವ ಹೆಂಗಸು ಅವರು. ಆದ್ದರಿಂದ ಬೇಸರವನ್ನು ಬದಿಗಿಟ್ಟು ಬರೆಯುತ್ತೇನೆ.

ಮಣಿಪಾಲದ ಒಂದು ಕಾಲೇಜಿನ ಕಚೇರಿಯಲ್ಲಿ ನಮ್ಮಿಬ್ಬರ ಮೇಜುಗಳು ಎದುರುಬದುರಾಗಿದ್ದವು. ಅವರು ಉಚ್ಚಿಲದ ಮೀನು ವ್ಯಾಪಾರದ ಮನೆಯವರು. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ “ಹೊತ್ತಾಗ್ಲಿಲ್ಲ” ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನನಗೂ ಅಕ್ಕ, ನಮ್ಮ ಪ್ರಾಂಶುಪಾಲರಿಗೂ ಅಕ್ಕ. ಅಕ್ಕತನ ಅವರ ಹುದ್ದೆಯೇ ಆಗಿತ್ತು. ಕಚೇರಿಯ ಪಿಕ್ನಿಕ್ಕುಗಳನ್ನೆಲ್ಲ ಅವರೇ ನಡೆಸುತ್ತಿದ್ದರು. ನನಗಿಂತ ಮೊದಲೇ ಸ್ವಯಂನಿವೃತ್ತಿ ತೆಗೆದುಕೊಂಡು ಯಾರದೋ ಗುಂಪಿನ ಜೊತೆ ಒಮ್ಮೆ ಬ್ಯಾಂಕಾಕಿಗೆ ಹೋಗಿ ಬಂದರು. ಬಂದವರೇ, “ಎಂತ ತೋರಿಸಿದ್ರು ಅಂತ ಕೇಳ್ಬೇಡಿ. ಓಡಿಸಿದ್ರು. ನಾನೇ ಕರ್ಕೊಂಡು ಹೋಗ್ತೇನೆ” ಎಂದರು. ಕಾಪುವಿನ ಮನೆಯ ಜಗಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿದರು. ಅದೇ ಕಂಪೆನಿ.

ಬ್ಯಾಂಕಾಕ್ ಒಂದೇ ಯಾಕೆ, ಸಿಂಗಾಪುರ, ಮಲೇಷ್ಯಾ ಸೇರಿಸಬಾರದೇ ಎಂದು ನಾನೇ ಕೇಳಿದ್ದೆ. “ಒಂದು ಊರನ್ನು ಸರಿಯಾಗಿ ತೋರಿಸ್ಲಿಕ್ಕೆ ಒಂದು ಜನ್ಮ ಬೇಕು. ನನಗೆ ಅರ್ಧ ಜನ್ಮ ಕಚೇರಿಯಲ್ಲಿ ಹೋಯ್ತು” ಎಂದರು. ಅಲ್ಲದೆ ಆ ಊರಿನ ಮೇಲೆ ಅವರಿಗೆ ಪ್ರೀತಿ ಹುಟ್ಟಿತ್ತು. ಅಲ್ಲಿ ಅನ್ನ ಉಂಟು, ಮೀನು ಉಂಟು, ಹಲಸಿನ ಹಣ್ಣು ಉಂಟು, ಸೆಕೆ ಉಂಟು, ದೇವರ ಎದುರು ಹೂವಿನ ರಾಶಿ ಉಂಟು. “ಕಟ್ಟಡ ಮಾತ್ರ ಎತ್ತರ. ಮೇಲೆ ನೋಡದಿದ್ರೆ ನಮ್ಮ ಊರೇ” ಎನ್ನುತ್ತಿದ್ದರು.

ನಾನು ನಿವೃತ್ತನಾದ ವಾರವೇ ಅಕ್ಕನ ಫೋನು ಬಂತು. ಪ್ರವಾಸದ ಸಾಲಿನ ಕೊನೆಯಲ್ಲಿ ನಡೆಯಲು ಒಬ್ಬ ನಂಬಿಕೆಯ ಜನ ಬೇಕಂತೆ. “ನಾನು ಎಂಜಿನ್, ನೀವು ಗಾರ್ಡಿನ ಡಬ್ಬಿ. ಡಬ್ಬಿ ಬಂದು ಮುಟ್ಟಿದ್ರೆ ರೈಲು ಬಂತು ಅಂತ ಅರ್ಥ.” ಕಚೇರಿಯಲ್ಲಿ ಅಧೀಕ್ಷಕನಾಗಿದ್ದವನು ಹೀಗೆ ಗಾರ್ಡ್ ಆದೆ. ಪ್ರವಾಸಿಗರ ಬಾಯಲ್ಲಿ ‘ಗಾರ್ಡಣ್ಣ’ ಆದೆ. ಕಾರ್ಕಳದಲ್ಲಿ ನನ್ನ ಮನೆಯ ಹತ್ತಿರದ ಮಕ್ಕಳು ಈಗಲೂ ನಾನು ರೈಲ್ವೆಯಲ್ಲಿದ್ದೆ ಎಂದೇ ತಿಳಿದಿದ್ದಾರೆ.

ಬೇರೆ ಗುಂಪಿನವರು ಬಣ್ಣದ ಬಾವುಟ ಹಿಡಿದು ಮುಂದೆ ನಡೆದರೆ ನಮ್ಮ ಅಕ್ಕ ಕೊಡೆಯ ತುದಿಗೆ ಅಡಿಕೆ ಹಾಳೆಯ ಮುಟ್ಟಾಳೆ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದರು. ನಮ್ಮ ಕಡೆ ಗದ್ದೆಯಲ್ಲಿ ದುಡಿಯುವವರು ತಲೆಗೆ ಇಡುವ ಆ ಟೊಪ್ಪಿ ಬ್ಯಾಂಕಾಕಿನ ಜನಜಂಗುಳಿಯ ಮೇಲೆ ತೇಲುತ್ತ ಹೋಗುವುದನ್ನು ನೋಡಿದರೆ ಸಾಕು, ಎಷ್ಟು ಹಿಂದೆ ಬಿದ್ದವನಿಗೂ ಧೈರ್ಯ ಬರುತ್ತಿತ್ತು. “ಪೋಯಿ!” ಎಂದು ತುಳುವಿನಲ್ಲಿ ಕೂಗಿದರೆ ಹೊರಡಬೇಕು. ರೈಲು ಹತ್ತಿದ ಮೇಲೆ “ಒಂಜಿ, ರಡ್ಡ್, ಮೂಜಿ” ಎಂದು ಗಟ್ಟಿಯಾಗಿ ತಲೆ ಎಣಿಸುತ್ತಿದ್ದರು. ಮೊಬೈಲಿನಲ್ಲಿ ಮುಳುಗಿದ್ದ ಅಲ್ಲಿಯ ಹುಡುಗಿಯರು ತಲೆ ಎತ್ತಿ ನಗುತ್ತಿದ್ದರು. ಅಕ್ಕನಿಗೆ ಅದರ ಪರಿವೆ ಇರಲಿಲ್ಲ. ಲೆಕ್ಕ ಸರಿಯಾದ ಮೇಲೆಯೇ ಅವರ ಮುಖ ಸಡಿಲವಾಗುತ್ತಿದ್ದದ್ದು.

ದಿನಕ್ಕೆ ಎರಡೇ ಜಾಗ. ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಊಟ, ನಿದ್ದೆ. ಇದಕ್ಕೆ ಒಪ್ಪದವರಿದ್ದರು. ಮಣಿಪಾಲದ ಒಬ್ಬ ನಿವೃತ್ತ ಎಂಜಿನಿಯರ್ ಮೊಬೈಲಿನಲ್ಲಿ ಉದ್ದದ ಪಟ್ಟಿ ತೆಗೆದು ತಂದಿದ್ದರು. “ನೋಡಲೇಬೇಕಾದ ಸ್ಥಳಗಳು ಅಂತ ಇಷ್ಟು ಉಂಟು. ನೀವು ಕಾಲಂಶವನ್ನೂ ತೋರಿಸುವುದಿಲ್ಲ” ಎಂದು ಉಪಾಹಾರದ ಹೊತ್ತಿಗೇ ತಕರಾರು ತೆಗೆದರು.

ಅಕ್ಕ ಕೇಳಿದರು: “ಸಾರ್, ನಮ್ಮ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೈಂಟ್ ಮೇರಿಸ್ ದ್ವೀಪ ನೋಡಿದ್ದೀರಾ?”

“ಇಲ್ಲ. ಹೊತ್ತಾಗಲಿಲ್ಲ.”

“ಮಣಿಪಾಲದಲ್ಲೇ ಎಂಡ್ ಪಾಯಿಂಟ್ ಉಂಟಲ್ಲ, ಅಲ್ಲಿಂದ ಸ್ವರ್ಣಾ ನದಿ?”

“ಅದು ಯಾವಾಗ ಬೇಕಾದರೂ ನೋಡಬಹುದಲ್ಲ.”

“ಹಾಗಾದ್ರೆ ನೋಡಲೇಬೇಕಾದ್ದು ಅಂತ ಯಾವುದೂ ಇಲ್ಲ. ಇಡ್ಲಿ ತಿನ್ನಿ.”

ಅದೇ ಎಂಜಿನಿಯರ್ ಅರಮನೆ ನೋಡುವ ದಿನ ಮೊಣಕಾಲುದ್ದದ ಚಡ್ಡಿ ಹಾಕಿಕೊಂಡು ಬಂದರು. ಅಲ್ಲಿಯ ಅರಮನೆಗೆ, ಅದರೊಳಗಿನ ಹಸಿರು ಬುದ್ಧನ ಗುಡಿಗೆ, ಕಾಲು ಕಾಣುವ ಹಾಗೆ ಹೋಗುವಂತಿಲ್ಲ. ಕಾವಲುಗಾರ ತಡೆದ. ನಮ್ಮಲ್ಲಿ ಬಿಳಿ ಪಂಚೆ ಉಟ್ಟಿದ್ದ ಹಿರಿಯರೊಬ್ಬರನ್ನು ಕೈಮುಗಿದು ಒಳಗೆ ಬಿಟ್ಟ. ಎಂಜಿನಿಯರರು ಎದುರಿನ ಅಂಗಡಿಯಲ್ಲಿ ಆನೆಗಳ ಚಿತ್ರವಿರುವ ಪಾಯಿಜಾಮ ಕೊಂಡು ತೊಟ್ಟು ಬರಬೇಕಾಯಿತು. ಅಕ್ಕ ನಗಲಿಲ್ಲ. ಅವರ ಹೆಂಡತಿಯನ್ನು ಕರೆದು, “ಫೋಟೋ ತೆಗೆದಿಡಿ, ಜಗಳ ಆದಾಗ ಬೇಕಾಗ್ತದೆ” ಎಂದರು ಅಷ್ಟೆ. ಊರಿಗೆ ಬಂದ ಮೇಲೆ ಆ ಪಾಯಿಜಾಮ ತೊಟ್ಟು ಎಂಜಿನಿಯರರು ಮಣಿಪಾಲದಲ್ಲಿ ಬೆಳಗಿನ ವಾಕಿಂಗ್ ಮಾಡುವುದನ್ನು ನಾನೇ ನೋಡಿದ್ದೇನೆ.

ಮಾರುಕಟ್ಟೆಯಲ್ಲಿ ಅಕ್ಕನನ್ನು ನೋಡಬೇಕಿತ್ತು. ಅಲ್ಲಿ ನಮ್ಮ ಬಂಗುಡೆಯಂಥದೇ ಮೀನನ್ನು ಬೇಯಿಸಿ, ಕುತ್ತಿಗೆ ಬಗ್ಗಿಸಿ, ಚಿಕ್ಕ ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ ಮಾರುತ್ತಾರೆ. ಉಚ್ಚಿಲದ ಮಗಳಿಗೆ ಅದನ್ನು ಕಂಡು ತಡೆಯಲಾಗಲಿಲ್ಲ. “ಅಯ್ಯೋ, ಕುತ್ತಿಗೆ ಎಂತಕ್ಕೆ ಮುರಿದದ್ದು ಮಾರಾಯ್ತಿ?” ಎಂದು ಅಂಗಡಿಯ ಹೆಂಗಸನ್ನು ತುಳುವಿನಲ್ಲಿ ವಿಚಾರಿಸಿದರು. ಆಕೆ ಥಾಯ್ ಭಾಷೆಯಲ್ಲಿ ಉತ್ತರ ಕೊಟ್ಟಳು. ಅಕ್ಕ ಕಿವಿರು ಎತ್ತಿ ನೋಡಿ ಇನ್ನೇನೋ ಅಂದರು, ಆಕೆ ತಲೆಗೆ ಕೈ ಹಚ್ಚಿಕೊಂಡು ಇನ್ನೇನೋ ಅಂದಳು. ಐದು ನಿಮಿಷದಲ್ಲಿ ವ್ಯಾಪಾರ ಕುದುರಿತು. ಹೊರಡುವಾಗ ಇಬ್ಬರೂ ಕೈ ಹಿಡಿದುಕೊಂಡರು. ಭಾಷೆ ಬಾರದಿದ್ದರೆ ಹೇಗೆ ಮಾತಾಡಿದಿರಿ ಎಂದು ಕೇಳಿದೆ. “ಮೀನಿನ ಬಗ್ಗೆ ಸುಳ್ಳು ಹೇಳುವಾಗ ಎಲ್ಲರ ಮುಖವೂ ಒಂದೇ ತರ” ಎಂದರು.

ಅವರು ತೋರಿಸಿದ ಯಾವ ಜಾಗವನ್ನೂ ಅವರು ಸರಿಯಾಗಿ ನೋಡಿದ್ದನ್ನು ನಾನು ಕಾಣೆ. ನದಿ ದಂಡೆಯ ಅರುಣ ದೇವಾಲಯದ ಕಡಿದಾದ ಮೆಟ್ಟಿಲಿನ ಕೆಳಗೆ, ಗೋಪುರಕ್ಕೆ ಬೆನ್ನು ಹಾಕಿ ನಿಂತು, ಹತ್ತಿ ಇಳಿಯುವ ನಮ್ಮವರ ಮುಖಗಳನ್ನೇ ನೋಡುತ್ತಿದ್ದರು. ಯಾರಿಗೆ ದಣಿವು, ಯಾರಿಗೆ ಮೂತ್ರಕ್ಕೆ ಅವಸರ, ಯಾರು ಗಂಡನ ಮೇಲೆ ಸಿಟ್ಟಾಗಿದ್ದಾರೆ, ಎಲ್ಲ ಅಲ್ಲಿಂದಲೇ ಹೇಳುತ್ತಿದ್ದರು.

ಈಗ ಮಲ್ಪೆಯ ಹತ್ತಿರದ ಕೆಮ್ಮಣ್ಣು ಊರಿನ ಅಮ್ಮನ ವಿಷಯಕ್ಕೆ ಬರಬೇಕು. ಅವರು ಇಲ್ಲದೆ ಅಕ್ಕನ ಚಿತ್ರ ಪೂರ್ಣವಾಗುವುದಿಲ್ಲ.

ವಿಮಾನಗಳೆಲ್ಲ ನಿಂತುಹೋದ ಆ ಕೊರೊನಾ ಕಾಲಕ್ಕಿಂತ ಸ್ವಲ್ಪ ಮೊದಲಿನ ಪ್ರವಾಸ. ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು ಒಬ್ಬರೇ ಬಂದಿದ್ದರು. ಅವರ ಗಂಡ ಮಲ್ಪೆ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು, ಕೂಗುತ್ತಿದ್ದವರು. ಅವರು ಕೂಗಿದರೆ ದೋಣಿಯ ಎಂಜಿನಿನ ಸದ್ದೂ ಅಡಗುತ್ತಿತ್ತಂತೆ. ಆ ಗಂಟಲಿಗೇ ರೋಗ ಬಂತು. ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಪ್ರಾಣಕ್ಕೆ ಭಯವಿಲ್ಲ, ಸ್ವರದ ಬಗ್ಗೆ ಏನೂ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ದುಬೈಯಲ್ಲಿರುವ ಮಗಳು ಇಬ್ಬರಿಗೂ ಟಿಕೆಟ್ ಮೊದಲೇ ಮಾಡಿಸಿದ್ದಳು. ಆತ ಬರುವಂತಿರಲಿಲ್ಲ, ಈಕೆ ಹೋಗುವುದಿಲ್ಲ ಎಂದು ಕುಳಿತರು. ಕೊನೆಗೆ ಗಂಡನೇ ಹೆಂಡತಿಯ ಬ್ಯಾಗನ್ನು ಎತ್ತಿ ಅಂಗಳದಲ್ಲಿಟ್ಟು, ಕೈಸನ್ನೆಯಲ್ಲಿ ಹೊರಡು ಎಂದರಂತೆ.

ಅಮ್ಮ ಒಳ್ಳೆಯ ಪ್ರವಾಸಿ. ತಕರಾರಿಲ್ಲ. ಚಿನ್ನದ ಬಣ್ಣದ, ಕಟ್ಟಡದಷ್ಟು ಉದ್ದದ ಮಲಗಿದ ಬುದ್ಧನನ್ನು ತಲೆಯಿಂದ ಕಾಲಿನವರೆಗೆ ನಡೆದು ನೋಡಿ, “ನಮ್ಮ ಕಾರ್ಕಳದವನಿಗೂ ಒಮ್ಮೆ ಹೀಗೆ ಮಲಗ್ಲಿಕ್ಕೆ ಆಗಿದ್ರೆ. ಪಾಪ, ಎಷ್ಟು ವರ್ಷದಿಂದ ನಿಂತುಕೊಂಡೇ ಇದ್ದಾನೆ” ಎಂದರು. ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ ಅನ್ನ ಹಾಗೆಯೇ ಉಳಿಯುತ್ತಿತ್ತು. “ಇಷ್ಟು ವರ್ಷ ಬೈಗಳು ಕೇಳಿಯೇ ಊಟ ಮಾಡಿದ್ದು ಅಕ್ಕ. ಈಗ ಮನೆಯಲ್ಲಿ ಸದ್ದೇ ಇಲ್ಲ. ಗಂಟಲಿನಲ್ಲಿ ಇಳಿಯುವುದಿಲ್ಲ” ಎಂದರು ಒಮ್ಮೆ. ಅಕ್ಕ ತಾವು ಊರಿನಿಂದ ತಂದಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಅವರ ಕಡೆ ಸರಿಸಿದರು.

ಆ ಊರಿನ ನಡುವೆ, ದೊಡ್ಡ ಅಂಗಡಿಗಳ ಒಂದು ವೃತ್ತದಲ್ಲಿ, ನಾಲ್ಕು ಮುಖದ ಬ್ರಹ್ಮನ ಒಂದು ಚಿಕ್ಕ ಗುಡಿ ಇದೆ. ತಲೆಯ ಮೇಲೆ ರೈಲು ಓಡುತ್ತದೆ, ಸುತ್ತ ವಾಹನಗಳ ಗಲಾಟೆ. ಬೇಡಿಕೊಂಡದ್ದು ಆದವರು ಬಂದು, ಅಲ್ಲಿಯೇ ಇರುವ ನರ್ತಕಿಯರಿಂದ ದೇವರ ಮುಂದೆ ಕುಣಿಸಿ ಹೋಗುತ್ತಾರೆ. ಎಲ್ಲಿಯ ಪ್ರವಾಸಿಗರಿಗಾದರೂ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮವರಿಗೆ ಅರ್ಧ ವಾಕ್ಯ ಸಾಕಾಯಿತು.

“ಓ, ಹರಕೆ ಆಟ!” ಎಂದರು ಎಲ್ಲರೂ ಒಟ್ಟಿಗೆ. ಕಷ್ಟ ನೀಗಿದರೆ ಮೇಳದಿಂದ ಒಂದು ರಾತ್ರಿಯ ಯಕ್ಷಗಾನ ಆಡಿಸುತ್ತೇವೆ ಎಂದು ಹೇಳಿಕೊಳ್ಳುವ, ಅದಕ್ಕಾಗಿ ವರ್ಷಗಟ್ಟಲೆ ಸರದಿ ಕಾಯುವ ಜನ ನಾವು.

ಅದಕ್ಕೇ ಅಕ್ಕನಿಗೆ ಆ ಜಾಗವೆಂದರೆ ಹೆದರಿಕೆ. ಗುಡಿಗೆ ಹೋಗುವ ಮೊದಲೇ ಎಲ್ಲರನ್ನೂ ನಿಲ್ಲಿಸಿ, “ಕೈ ಮುಗಿಯಿರಿ, ಹೂ ಇಡಿ, ಫೋಟೋ ತೆಗೆಯಿರಿ. ಹರಕೆ ಮಾತ್ರ ಹೇಳ್ಬೇಡಿ. ತೀರಿಸ್ಲಿಕ್ಕೆ ಇದು ಕಟೀಲು ಅಲ್ಲ, ಬೆಳಿಗ್ಗೆ ಬಸ್ಸು ಹತ್ತಿ ಬರ್ಲಿಕ್ಕೆ” ಎಂದು ಹೇಳುತ್ತಿದ್ದರು. ಆ ದಿನವೂ ಹೇಳಿದರು. ಹೇಳಿ ತಿರುಗಿ ನೋಡುವಾಗ ಕೆಮ್ಮಣ್ಣಿನ ಅಮ್ಮ ಸಾಲಿನಲ್ಲಿ ಇರಲಿಲ್ಲ. ಒಳಗೆ ಹೋಗಿ, ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತಾಗಿತ್ತು. “ನಮ್ಮ ಬೆರ್ಮೆರ್ ಅಲ್ವಾ ಇವರು? ಗರಡಿಯಲ್ಲಿ ಇರುವ ನಮ್ಮ ಬ್ರಹ್ಮರು? ನಮ್ಮ ಯಜಮಾನ್ರ ಸ್ವರ ಬಂದ್ರೆ ನಾನೇ ಬಂದು ಎದುರು ನಿಂತು ಆಡಿಸ್ತೇನೆ ಅಂತ ಹೇಳಿದೆ” ಎಂದರು ಹೊರಗೆ ಬಂದು.

ಅಕ್ಕ ಕೊಡೆಯನ್ನು ನನ್ನ ಕೈಗೆ ಕೊಟ್ಟು ಹಣೆ ಒತ್ತಿಕೊಂಡರು. “ನಾನೇ ಬಂದು ಅಂತ ಎಂತಕ್ಕೆ ಹೇಳಿದ್ದು ಅಮ್ಮ? ಕಳುಹಿಸಿ ಕೊಡ್ತೇನೆ ಅಂತ ಹೇಳಿದ್ರೆ ಸಾಕಿತ್ತಲ್ಲ!”

“ಬೇಡುವಾಗ ಅದೆಲ್ಲ ನೆನಪಾಗ್ತದಾ?” ಎಂದರು ಅಮ್ಮ.

ಕೆಲವು ತಿಂಗಳ ಮೇಲೆ ಸ್ವರ ಬಂತು. ಬಂದದ್ದು ದೊಡ್ಡ ಸ್ವರವಲ್ಲ, ಒಡೆದ ಕೊಳಲಿನಲ್ಲಿ ಗಾಳಿ ಊದಿದಂಥದ್ದು. ಮೊದಲ ಮಾತು ಬೆಕ್ಕಿಗೆ ಸಂದಿತು. ಅಂಗಳದಲ್ಲಿ ಹೆಚ್ಚುತ್ತಿದ್ದ ಮೀನಿಗೆ ಬಾಯಿ ಹಾಕಿದ ಬೆಕ್ಕನ್ನು ಆತ ಅಚ್ಚ ಬಂದರಿನ ಭಾಷೆಯಲ್ಲಿ ಬೈದರಂತೆ. ಅಮ್ಮ ಕತ್ತಿ ಬಿಟ್ಟು ಎದ್ದು ನಿಂತು ಗೊಳೋ ಎಂದು ಅತ್ತರಂತೆ. ಆ ಸಂಜೆಯೇ ಅಕ್ಕನಿಗೆ ಫೋನು: “ಸ್ವರ ಬಂತು. ಯಾವಾಗ ಹೋಗುವುದು?”

ದಿನ ಗೊತ್ತು ಮಾಡಿದರು. ಅಷ್ಟರಲ್ಲಿ ಲೋಕವೇ ಬಾಗಿಲು ಹಾಕಿಕೊಂಡಿತು.

ಹರಕೆ ಹೇಳಿ ತೀರಿಸದವರ ಸಂಕಟ ನಮ್ಮ ಕಡೆಯವರಿಗೆ ಮಾತ್ರ ಗೊತ್ತು. ಕಾಲು ಉಳುಕಿದರೂ ಹರಕೆಯೇ ಕಾರಣ, ಹಾಲು ಒಡೆದರೂ ಹರಕೆಯೇ. ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಆತನ ಸ್ವರ ಮತ್ತೆ ಕಂತುತ್ತ ಬಂತು. ವಯಸ್ಸಾಯಿತು, ಬೈಗುಳ ಕಡಿಮೆ ಮಾಡಿ ಎಂದರು ಡಾಕ್ಟರು. ಅಮ್ಮನಿಗೆ ಅದು ಹಿಡಿಸಲಿಲ್ಲ. ಕೊಟ್ಟವನು ವಾಪಸು ತೆಗೆದುಕೊಳ್ಳುತ್ತಿದ್ದಾನೆ ಎಂದೇ ಅವರ ನಂಬಿಕೆ. ಅಕ್ಕನಿಗೆ ಫೋನು ಮಾಡಿ ಮಾಡಿ ಅಳುತ್ತಿದ್ದರು.

“ಅವನಿಗೆ ನಾಲ್ಕು ಮುಖ ಉಂಟು ಅಮ್ಮ,” ಅಕ್ಕ ಸಮಾಧಾನ ಹೇಳುತ್ತಿದ್ದರು. “ನಾಲ್ಕು ದಿಕ್ಕೂ ಕಾಣ್ತದೆ. ವಿಮಾನ ಹಾರುವುದಿಲ್ಲ ಅಂತ ಗೊತ್ತಿಲ್ವಾ ಅವನಿಗೆ?”

ಬೇರೆ ದಾರಿಯನ್ನೂ ಯೋಚಿಸಿದರು. ಮುಂಬೈಯಲ್ಲಿರುವ ನಮ್ಮವರು ಹರಕೆಯ ಹಣವನ್ನು ಊರಿಗೆ ಕಳುಹಿಸಿಕೊಡುವುದಿಲ್ಲವೇ? ಹಾಗೆ ನಾವು ಬ್ಯಾಂಕಾಕಿನ ಪರಿಚಯದವನಿಗೆ ಹೇಳಿ ಕುಣಿಸಿದರೆ ಆಗದೇ? ವೀಡಿಯೋದಲ್ಲಿ ನೋಡಬಹುದಲ್ಲ? ಅಮ್ಮ ಊರಿನ ದೈವದ ಹತ್ತಿರ ಕೇಳಿಸಿದರು. ಹೇಳಿದ ಮಾತು ಹೇಳಿದ್ದೇ, ನಾನು ಎಂದವಳು ತಾನೇ ಹೋಗಬೇಕು ಎಂದು ದೈವದ ನುಡಿ ಬಂತು.

ವಿಮಾನ ಹಾರತೊಡಗುವಾಗ ಅಕ್ಕನ ಕಂಪೆನಿ ಮುಚ್ಚಿತ್ತು. ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅಣ್ಣನ ಮಗ ಜಗಲಿಯ ಮೇಜನ್ನೂ ಒಳಗೆ ಸಾಗಿಸಿಬಿಟ್ಟಿದ್ದ. ಒಂದು ಬೆಳಿಗ್ಗೆ ಕಾಪುವಿನಿಂದ ಫೋನು ಬಂತು.

“ಗಾರ್ಡೇ, ಪಾಸ್‌ಪೋರ್ಟ್ ಉಂಟಲ್ಲ? ನಾಲ್ಕು ಜನರ ಟೂರ್. ಆ ಅಮ್ಮ, ಅವರ ಯಜಮಾನ್ರು, ನಾವಿಬ್ರು.”

“ನಿಮ್ಮ ಹೃದಯ?”

“ಅದೂ ಬರ್ತದೆ. ಬಿಟ್ಟು ಹೋಗ್ಲಿಕ್ಕೆ ಆಗುವುದಿಲ್ವಲ್ಲ.”

ನಾನು ರೇಗಿದೆ. ನಿಮಗೇನು ಹಟ, ಅವರ ಹರಕೆ ಅವರದು, ಮಗಳು ಬಂದು ಕರೆದುಕೊಂಡು ಹೋಗಲಿ ಎಂದೆ. ಅಕ್ಕ ಹೇಳಿದರು: “ಇಷ್ಟು ವರ್ಷ ಜನ ಕರ್ಕೊಂಡು ಹೋದೆ. ಒಬ್ಬರನ್ನೂ ಅಲ್ಲಿ ಬಿಟ್ಟು ಬರ್ಲಿಲ್ಲ. ಆ ಅಮ್ಮ ಮಾತ್ರ ಇನ್ನೂ ಅಲ್ಲೇ ಇದ್ದಾರೆ ಮಾರಾಯ್ರೆ, ಆ ಗುಡಿಯ ಎದ್ರು. ನನ್ನ ಲೆಕ್ಕ ಸರಿಯಾಗುವುದಿಲ್ಲ.”

ಪಾಸ್‌ಪೋರ್ಟ್ ಹುಡುಕಿ ತೆಗೆದೆ. ಹೋದೆವು.

ಏಲಂ ಯಜಮಾನರಿಗೆ ಅದು ಮೊದಲ ವಿಮಾನ. ಕಿಟಕಿಯ ಹತ್ತಿರ ಕುಳಿತು ಮೋಡ ನೋಡಿ, “ಮೀನು ಎಲ್ಲಿ ಉಂಟು ಅಂತ ಇಲ್ಲಿಂದ ಕಾಣುವುದಿಲ್ಲ” ಎಂದು ಪಿಸುಗುಟ್ಟಿದರು. ಅವರ ಸ್ವರ ಆಗ ಅಷ್ಟೇ ಇತ್ತು. ಗುಡಿಯಲ್ಲಿ ದಂಪತಿ ಮುಂದೆ ಕುಳಿತರು. ಹೊಳೆಯುವ ಕಿರೀಟ ತೊಟ್ಟ ಹುಡುಗಿಯರು ನಿಧಾನವಾಗಿ ಬೆರಳು ಬಾಗಿಸಿ ಕುಣಿದರು. ಅಮ್ಮ ಮಾತಿಗೆ ತಪ್ಪಬಾರದೆಂದು ಎದ್ದು ನಿಂತೇ ನೋಡಿದರು, ಸೀರೆಯ ಸೆರಗಿನಲ್ಲಿ ಕಣ್ಣೊರೆಸುತ್ತ. ನನಗೆ ಚೆಂಡೆ ಇಲ್ಲದ್ದೊಂದು ಕೊರತೆ ಅನ್ನಿಸಿತು. ಉಳಿದಂತೆ ಎಲ್ಲವೂ ನಮ್ಮದೇ. ಕುಣಿತ ಮುಗಿಯಿತು. ಅಮ್ಮ ಆ ಹುಡುಗಿಯರಿಗೆಲ್ಲ ಕೈಮುಗಿದು, ನಮ್ಮ ಕಡೆ ತಿರುಗಿ, “ಹಸಿವಾಗ್ತಾ ಉಂಟು” ಎಂದರು.

“ಈಗ ಹಸಿವಾ? ಬೆಳಿಗ್ಗೆ ತಿನ್ನು ಅಂದ್ರೆ ಬಾಯಿ ಮುಚ್ಚಿ ಕೂತದ್ದು ಯಾರು? ನಿನ್ನ ಅಜ್ಜಿಯಾ?” ಎಂದು ಯಜಮಾನರು ಬೈದರು. ಮೆಲ್ಲಗಲ್ಲ. ವೃತ್ತದಲ್ಲಿ ನಿಂತಿದ್ದ ನಾಲ್ಕು ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ. ಅದು ದೇವರ ಕೃಪೆಯೋ, ಭಾರ ಇಳಿದ ಗಂಟಲಿನ ಗುಣವೋ ನಾನು ಹೇಳಲಾರೆ. ಅಮ್ಮನ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಸಂತೋಷಪಟ್ಟಿರಲಿಕ್ಕಿಲ್ಲ.

ಅವರನ್ನು ಊಟದಂಗಡಿಯಲ್ಲಿ ಕೂರಿಸಿ ನೋಡಿದರೆ ಅಕ್ಕ ಇರಲಿಲ್ಲ. ಸಾಲಿನಲ್ಲಿ ಅಕ್ಕನೇ ಕಡಿಮೆಯಾದದ್ದು ಅದೇ ಮೊದಲು. ಓಡಿ ಗುಡಿಗೆ ಬಂದೆ. ಅಕ್ಕ ಚೆಂಡುಹೂವಿನ ಮಾಲೆ ಇಟ್ಟು, ಕಂಬಿ ಹಿಡಿದು ಕಷ್ಟಪಟ್ಟು ಏಳುತ್ತಿದ್ದರು.

“ಎಂತ ಮಾಡಿದಿರಿ?”

“ಹರಕೆ ಹೇಳಿದೆ.”

“ನೀವಾ!”

“ಮುಂದಿನ ಮಳೆಗಾಲ ಕಳೆದ ಮೇಲೂ ಅವರು ಹೀಗೇ ಬೈಯುತ್ತಾ ಇದ್ರೆ ಬಂದು ಆಡಿಸ್ತೇನೆ ಅಂದೆ.” ಮತ್ತೆ ಕಳ್ಳನಗೆ ನಕ್ಕು, “ಬಾಕಿ ಇಟ್ಟವರನ್ನು ದೇವರು ಕರೆಸಿಕೊಳ್ತಾನೆ ಅಲ್ವಾ? ಇಲ್ಲದಿದ್ರೆ ನನ್ನನ್ನು ಇನ್ನು ಯಾರು ಬ್ಯಾಂಕಾಕಿಗೆ ಬಿಡ್ತಾರೆ?” ಎಂದರು. ಅಷ್ಟು ಸಲ ಬಂದ ಊರನ್ನು ಬಿಟ್ಟು ಹೊರಡುವುದು ಅವರಿಗೆ ಆಗ ನಿಜವಾಗಿ ಕಷ್ಟವಾಗಿತ್ತು. ನನಗೂ ಕಷ್ಟವಾಗಿತ್ತು.

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಹೋದರು.

ಸುದ್ದಿ ತಿಳಿದ ಮರುದಿನ ಕೆಮ್ಮಣ್ಣಿನ ದಂಪತಿ ಬಸ್ಸು ಹಿಡಿದು ಕಾರ್ಕಳಕ್ಕೆ, ನನ್ನ ಮನೆಗೆ ಬಂದರು. ಅಮ್ಮ ಸ್ವಲ್ಪ ಹೊತ್ತು ಅತ್ತರು. ಬೆಲ್ಲ ನೀರು ಕುಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ನೇರವಾಗಿ ಕುಳಿತರು.

“ಗಾರ್ಡಣ್ಣ, ಅಕ್ಕ ಅಲ್ಲಿ ಹರಕೆ ಹೇಳಿದ್ದಾರೆ. ಊರಿಗೆ ಬಂದ ಮೇಲೆ ನನಗೆ ಹೇಳಿದ್ರು. ಮಳೆಗಾಲ ಕಳೀಲಿ, ಒಟ್ಟಿಗೆ ಹೋಗುವ ಅಂತ.”

ಅವರೇ ಹೋದರಲ್ಲ ಅಮ್ಮ, ಇನ್ನೆಂಥ ಹರಕೆ ಎಂದೆ.

“ನನ್ನ ಸ್ವರ ಉಂಟಾ, ಇಲ್ವಾ? ನೀವೇ ಹೇಳಿ,” ಎಂದರು ಯಜಮಾನರು. ಒಡೆದ ಸ್ವರ, ಆದರೆ ನಮ್ಮ ಜಗಲಿ ತುಂಬಿತು.

“ಉಂಟು.”

“ಹಾಗಾದ್ರೆ ಹರಕೆ ಸಂದಿದೆ. ತೀರಿಸ್ಲಿಕ್ಕೆ ಬಾಕಿ ಉಂಟು. ಹೇಳಿದವರು ಇಲ್ಲ. ಸ್ವರ ಇರುವವ ನಾನು. ನಾನು ಹೋಗ್ಬೇಕು.”

ವಯಸ್ಸು, ಔಷಧಿ, ನನ್ನ ಮಂಡಿ, ಕರೆದುಕೊಂಡು ಹೋಗುವವರಿಲ್ಲದ್ದು, ಎಲ್ಲವನ್ನೂ ಹೇಳಿ ನೋಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಮಗಳು ಟಿಕೆಟ್ ಮಾಡ್ತಾಳೆ. ರೈಲು ಇಳಿದು ಹೋಗುವ ದಾರಿ ನನಗೆ ಗೊತ್ತುಂಟು. ನೀವು ಹಿಂದಿನಿಂದ ಬಂದ್ರೆ ಸಾಕು” ಎಂದರು. ನಾನು ಒಪ್ಪಿದೆ. ಒಪ್ಪದಿದ್ದರೆ ಅವರಿಬ್ಬರೇ ಹೊರಡುವವರು.

ಏಳುವ ಹೊತ್ತಿಗೆ ಅಮ್ಮ ಬಾಗಿಲಿನಲ್ಲಿ ನಿಂತರು.

“ಅಲ್ಲಿ ಆ ಹುಡುಗಿಯರು ಹಾಡುವಾಗ ನಡುವೆ ಹರಕೆಯವರ ಹೆಸರು ಸೇರಿಸ್ತಾರೆ. ಮೊದಲೇ ಹೇಳಿಕೊಡ್ಬೇಕು. ಅಕ್ಕನ ಹೆಸರು ಎಂತ?”

ನಾನು ಅವರ ಮುಖವನ್ನೇ ನೋಡಿದೆ. ಎರಡು ಸಲ ಸಮುದ್ರ ದಾಟಿಸಿದವರ, ವರ್ಷಗಟ್ಟಲೆ ಫೋನಿನಲ್ಲಿ ಅಳು ಕೇಳಿಸಿಕೊಂಡವರ ಹೆಸರು ಇವರಿಗೆ ಗೊತ್ತಿರಲಿಲ್ಲ. ನಮ್ಮ ಪ್ರವಾಸಕ್ಕೆ ಬಂದ ಯಾರಿಗೂ ಗೊತ್ತಿರಲಿಕ್ಕಿಲ್ಲ. ಕಚೇರಿಯ ಹಾಜರಿಯಲ್ಲಿ ನೋಡಿದ್ದ ನನಗೂ ಆ ಹೆಸರನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿರಲಿಲ್ಲ. ಹೇಳಿದೆ.

ಅಮ್ಮ ಮರೆಯದ ಹಾಗೆ ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು.

“ಹಾಗೆ ಹೇಳಿದ್ರೆ ಅಲ್ಲಿ ಯಾರಿಗೆ ಕೇಳ್ತದೆ?” ಎಂದು ಯಜಮಾನರು ಹೆಂಡತಿಯನ್ನು ಗದರಿಸಿದರು. ಅಂಗಳಕ್ಕೆ ಇಳಿದು, ಎದೆ ತುಂಬ ಉಸಿರು ಎಳೆದುಕೊಂಡು, ಬಂದರಿನಲ್ಲಿ ಏಲಂ ಕೂಗುತ್ತಿದ್ದ ಹಾಗೆ, ನಮ್ಮ ಅಕ್ಕನ ಹೆಸರನ್ನು ಗಟ್ಟಿಯಾಗಿ ಒಮ್ಮೆ ಕೂಗಿದರು.